ಅಡ್ಡಕ್ಕೆ ಅಳೆದ ಗೆಡ್ಡೆ

ಕಬ್ಬಿಣದ ರಾಡು ನನ್ನ ಕಿವಿಯ ಪಕ್ಕದ ಗೋಡೆಗೆ ಬಡಿಯಿತು. ಸಿಮೆಂಟಿನ ಪುಡಿ ಬಾಯಿಗೇ ಬಿತ್ತು...

ಓಡಿದೆ!

ಹಿಂದೆ ಆಸ್ಪತ್ರೆಯ ಸೆಕ್ಯೂರಿಟಿಯವನು. ಅವನ ಹಿಂದೆ ಏದುಸಿರು ಬಿಡುತ್ತ ದೊಡ್ಡ ಡಾಕ್ಟರ್. ನನ್ನ ಜೇಬಿನಲ್ಲಿ ಅಕ್ಕನ ಸ್ಕ್ಯಾನ್‌ಗಳ ಸಿ.ಡಿ. ಅವರಿಗೆ ಬೇಕಾಗಿದ್ದುದು ಅದೊಂದೇ.

ನಾನು ಪತ್ತೇದಾರ, ಕಂಡವರ ಕೊಳೆ ಕೆದಕುವುದೇ ನನ್ನ ಕಸುಬು ಸ್ವಾಮಿ. ಆದರೂ ಇಷ್ಟು ಗಬ್ಬು ನಾತ ಎಲ್ಲೂ ಮೂಗಿಗೆ ಬಡಿದಿರಲಿಲ್ಲ. ಅಕ್ಕನ ಲಿವರಿನಲ್ಲಿ ಕ್ಯಾನ್ಸರ್ ಗೆಡ್ಡೆ. ಗೆಡ್ಡೆಯನ್ನಷ್ಟೇ ಗುರಿಯಿಟ್ಟು ಹೊಡೆಯುವ ಹೊಸ ಮಾತ್ರೆಯ ಟ್ರಯಲ್‌ಗೆ ಈ ಡಾಕ್ಟರ್ ಅವಳನ್ನು ಸೇರಿಸಿಕೊಂಡಿದ್ದ. ಎರಡು ತಿಂಗಳಿಗೊಂದು ಎಂಆರ್‌ಐ. ರಿಪೋರ್ಟಿನಲ್ಲಿ ಗೆಡ್ಡೆ ಇಳಿಯುತ್ತಿತ್ತು. ಮನೆಯಲ್ಲಿ ಅಕ್ಕ ಇಳಿದುಹೋಗುತ್ತಿದ್ದಳು.

ಆ ಮಧ್ಯಾಹ್ನ ಸ್ಕ್ಯಾನ್ ಟೆಕ್ನಿಷಿಯನ್ ಸಿ.ಡಿ. ಕೊಟ್ಟು ಗುಟ್ಟು ಬಿಚ್ಚಿದಳು. ಗೆಡ್ಡೆಯನ್ನು ಪ್ರತಿ ಸಲವೂ ಅದರ ಅತಿ ಉದ್ದದ ಕಡೆಯಿಂದಲೇ ಅಳೆಯಬೇಕು. ಮೊದಲ ಸಲ ಹಾಗೇ ಅಳೆದರು, ನಲವತ್ತು ಮಿಲಿಮೀಟರ್. ಆಮೇಲೆ ಡಾಕ್ಟರ್ ತಾನೇ ಮೌಸ್ ಹಿಡಿದು ಗೆರೆಯನ್ನು ಅಡ್ಡಕ್ಕೆ ಎಳೆದ. ಇಪ್ಪತ್ತೆಂಟು!

ನಿಜವಾದ ಉದ್ದ ಐವತ್ತೆರಡಾಗಿತ್ತು.

ಹಾಗೆಂದು ಬರೆದರೆ ಮಾತ್ರೆ ಸೋತ ಹಾಗೆ. ಅಕ್ಕನನ್ನು ಬೇರೆ ಚಿಕಿತ್ಸೆಗೆ ಬಿಟ್ಟುಕೊಡಬೇಕು. ಅದಕ್ಕೇ ಬರೆಯಲಿಲ್ಲ, ಥೂ.

ಕಾರಿಡಾರ್ ಮುಗಿಯಿತು. ಎದುರಿಗೆ ಎಂಆರ್‌ಐ ರೂಮು, ಮೆಷಿನ್ ಖಾಲಿ. ಬೀಗದ ಕೈ, ವಾಚು, ಮೊಬೈಲು ಎಲ್ಲ ಹೊರಗೇ ಎಸೆದು ಒಳಗೆ ನುಗ್ಗಿದೆ. ಸೆಕ್ಯೂರಿಟಿಯವನೂ ನುಗ್ಗಿದ. ಸದ್ದಿಲ್ಲ, ಅಂದರೆ ಮೆಷಿನ್ ಆಫ್ ಎಂದುಕೊಂಡ.

ಅಲ್ಲೇ ಎಡವಿದ. ಎಂಆರ್‌ಐ ಮೆಷಿನ್ನೆಂದರೆ ದೊಡ್ಡ ಅಯಸ್ಕಾಂತ, ಅದಕ್ಕೆ ರಜೆಯೇ ಇಲ್ಲ.

ರಾಡು ಅವನ ಕೈಯಿಂದ ಕಿತ್ತುಕೊಂಡು ಹಾರಿ ಧಡಾರನೆ ಮೆಷಿನ್ನಿಗೆ ಅಂಟಿತು. ಅವನು ಬರಿಗೈ ನೋಡುತ್ತ ನಿಂತ. ಮೂಗಿಗೊಂದು ಕೊಟ್ಟೆ. ಕುಸಿದ.

ಡಾಕ್ಟರ್ ಬಾಗಿಲು ಹಿಡಿದು ನಿಂತಿದ್ದ.

"ನಿಮ್ಮಕ್ಕ ಒಬ್ರಿಗೋಸ್ಕರ ನೂರಾರು ಜನರ ಔಷಧಿ ಹಾಳ್ಮಾಡ್ತೀರಾ?"

"ಆ ನೂರಾರು ಜನಕ್ಕೂ ಹೀಗೇ ಅಡ್ಡಕ್ಕೆ ಅಳೀತೀರಾ ಡಾಕ್ಟ್ರೇ?"

ನನಗೆ ಅವನನ್ನು ಹೊಡೆಯುವುದಕ್ಕೂ ಹೇಸಿಗೆಯಾಯಿತು. ಹೊರಗೆ ಎಸೆದಿದ್ದ ಮೊಬೈಲು ಎತ್ತಿಕೊಂಡು ಪೊಲೀಸರನ್ನು ಕರೆದೆ.

ಮರುದಿನ ಇನ್ನೊಂದು ಆಸ್ಪತ್ರೆಯವರು ಸಿ.ಡಿ. ನೋಡಿ ಆ ಮಾತ್ರೆ ನಿಲ್ಲಿಸಿದರು. ನಾಲ್ಕು ತಿಂಗಳು ಮಣ್ಣುಪಾಲಾಗಿದೆ, ಆದರೂ ಇನ್ನೂ ಕೈಮೀರಿಲ್ಲ ಎಂದು ಬೇರೆ ಔಷಧಿ ಶುರು ಮಾಡಿದರು. ಅಕ್ಕ ಹಳೆಯ ರಿಪೋರ್ಟುಗಳನ್ನು ಒಂದೊಂದಾಗಿ ತಿರುವಿ ಹಾಕಿದಳು.

"ಆ ಡಾಕ್ಟ್ರು ಪ್ರತಿ ಸಲ ರಿಪೋರ್ಟ್ ಕೊಡುವಾಗ ಕೈ ಕುಲುಕಿ ಕಂಗ್ರಾಚುಲೇಷನ್ಸ್ ಅಂತಿದ್ರಲ್ಲೋ..."

"ಅದು ಅವನು ತನಗೇ ಹೇಳ್ಕೊಂಡಿದ್ದು ಕಣಕ್ಕ."