ಉಪ್ಪಿಲ್ಲದ ಕಡುಬು

ಮ್ಯಾಟಿ ಹೆಸ್ಲೊಪ್‌ನನ್ನು ಬಣ್ಣದ ಡಬ್ಬಿಗಳ ಕೋಣೆಯಲ್ಲಿ ಕೂಡಿಹಾಕಿದ್ದರು. ನಾನು ಬಾಗಿಲ ಸಂದಿಗೆ ಬಾಯಿಟ್ಟು ಕರೆದಾಗ ಅವನು ಕೇಳಿದ ಮೊದಲ ಮಾತು ತನ್ನ ಬಗ್ಗೆ ಆಗಿರಲಿಲ್ಲ.

"ಎಷ್ಟು ಜನ ಹೋದ್ರು, ವಿಲ್ಫ್?"

"ಹನ್ನೊಂದು."

"ಅದ್ರಲ್ಲಿ ಇಬ್ರು ನಮ್ಮ ಬೀದಿಯೋರು ಕಣೋ. ಎದುರುಮನೆ ನೆಡ್ ಮದುವೆಗೆ ನಾನೇ ಜತೆ ನಿಂತಿದ್ದೆ. ಇನ್ನು ಅವನ ಹೆಂಡ್ತಿ ಮುಖ ಹೆಂಗ್ ನೋಡ್ಲಿ? ಆ ಕಿಂಡಿ ನಾನೇ ಮುಚ್ಚಿದ್ದೆ. ಈ ಕೈಯಾರೆ ತಿರುಪು ಬಿಗಿದಿದ್ದೆ. ಅಜ್ಜಂಗೆ ಹೇಳು. ಎರಡು ಗಂಟೆಗೆ ವಿಚಾರಣೆಯಂತೆ, ಆಮೇಲೆ ದಡದ ಸೆರೆಮನೆಗೆ ಕಳಿಸ್ತಾರಂತೆ."

ಅದು ಸಾವಿರದ ಒಂಬೈನೂರ ನಲವತ್ತೆರಡರ ಡಿಸೆಂಬರ್. ನಮ್ಮ 'ಮಾರ್ಲ್‌ಫರ್ಡ್' ಬೆಂಗಾವಲು ಡಿಸ್ಟ್ರಾಯರ್. ಟೈನ್ ನದಿಯಿಂದ ಲಂಡನ್ನಿಗೆ ಕಲ್ಲಿದ್ದಲು ಹೊತ್ತು ಬರುವ ಮುದಿ ಹಡಗುಗಳನ್ನು ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಕಾಯುವುದು ನಮ್ಮ ಕೆಲಸ. ಕತ್ತಲಾದರೆ ಸಾಕು, ಜರ್ಮನ್ನರ ವೇಗದ ದೋಣಿಗಳು ಬಂದು ಹೊಂಚುಹಾಕುತ್ತಿದ್ದವು. ಒಂದು ಬೆಂಕಿಕಡ್ಡಿಯ ಬೆಳಕೂ ಅವಕ್ಕೆ ದಾರಿ ತೋರುತ್ತಿತ್ತು. ಅದಕ್ಕೇ ದಿನಾ ಸಂಜೆ ಒಬ್ಬ ನಾವಿಕ 'ಕತ್ತಲು ಸುತ್ತು' ಹೋಗಿ, ಹಡಗಿನ ಪಕ್ಕೆಯ ಪ್ರತಿ ಕಿಂಡಿಗೂ ಉಕ್ಕಿನ ಮುಚ್ಚಳ ಬಿಗಿದಿದೆಯೇ ಎಂದು ನೋಡಬೇಕು. ಹಿಂದಿನ ಸಂಜೆ ಆ ಸರದಿ ಮ್ಯಾಟಿಯದು. ಐದೂವರೆಗೆ ಸುತ್ತು ಮುಗಿಸಿ ಎಲ್ಲಾ ಕತ್ತಲಾಗಿದೆ ಎಂದು ವರದಿ ಒಪ್ಪಿಸಿದ್ದ. ಐದೂಮುಕ್ಕಾಲಿಗೆ ನಾವೆಲ್ಲ ತೋಪುಗಳ ಬಳಿ ನಿಂತೆವು. ಕೆಳಗೆ ಹಡಗಿನ ಮೂತಿಯ ಕಡೆಗಿದ್ದ ನಮ್ಮ ವಾಸದ ಕೋಣೆ, ಮೆಸ್ಸು, ಖಾಲಿಯಾಯಿತು. ಆರೂ ಹತ್ತಕ್ಕೆ ನಮ್ಮ ಹಡಗಿನ ಎಡಪಕ್ಕೆಯಲ್ಲಿ ಯಾರೋ ಬೆಳಕು ಕಂಡರು. ಆರೂ ಇಪ್ಪತ್ತೈದಕ್ಕೆ ನಮ್ಮ ಎಡಕ್ಕಿದ್ದ 'ಹೆದರ್ ಲಾ' ಎಂಬ ಕಲ್ಲಿದ್ದಲ ಹಡಗು ಜರ್ಮನ್ನರ ಟಾರ್ಪಿಡೊ ತಗುಲಿ ಎರಡು ತುಂಡಾಗಿ ಮುಳುಗಿತು.

ಆರೂ ನಲವತ್ತಕ್ಕೆ ಕ್ಯಾಪ್ಟನ್ ನಂತರದ ಅಧಿಕಾರಿಯಾದ ಮೊದಲ ಲೆಫ್ಟಿನೆಂಟ್ ಲೇಸಿ ಸಾಹೇಬರು ನಮ್ಮ ಮೆಸ್ಸಿಗೆ ಒಬ್ಬರೇ ಇಳಿದು, ಎಡಬದಿಯ ಕಿಂಡಿ ತೆರೆದಿದ್ದನ್ನು ಕಂಡು ತಾವೇ ಮುಚ್ಚಿದರಂತೆ. ಅವರೊಬ್ಬರ ಮಾತು, ಅಷ್ಟೇ ಸಾಕ್ಷಿ. ಅಧಿಕಾರಿಯ ಮಾತಿಗೆ ಸಾಕ್ಷಿ ಬೇಡ; ನಮ್ಮಂಥವರ ಮಾತಿಗೆ ಎಷ್ಟು ಸಾಕ್ಷಿಯಿದ್ದರೂ ಸಾಲದು.

ಅಜ್ಜ ಎಂದರೆ ನಮ್ಮ ಮೆಸ್ಸಿನ ಹಿರಿಯ ನಾವಿಕ, ಜಾಗೋ ಟ್ರೆಗೆನ್ಜಾ. ಕಾರ್ನ್‌ವಾಲ್‌ನವನು. ತೋಳಿನ ಮೇಲೆ ಹದಿಮೂರು ವರ್ಷದ ಸನ್ನಡತೆಯ ಮೂರು ಪಟ್ಟಿ. ಬಡ್ತಿ ಕೊಟ್ಟರೆ ಬೇಡವೆಂದ ಮೊಂಡ. ಹಡಗಿನಲ್ಲಿ ಏನು ಕಳೆದರೂ ಪೊಲೀಸನಿಗಿಂತ ಮೊದಲು ಅವನನ್ನು ಕೇಳುತ್ತಿದ್ದರು. ಆರೋಪಿ ತನ್ನ ಪರ ಮಾತಾಡಲು ಒಬ್ಬ ಗೆಳೆಯನನ್ನು ಆರಿಸಿಕೊಳ್ಳಬಹುದೆಂಬ ನೌಕಾಪಡೆಯ ನಿಯಮವಿದೆ. ಮ್ಯಾಟಿ ಆರಿಸಿದ್ದು ಅಜ್ಜನನ್ನು.

ಶೀರ್‌ನೆಸ್ ಬಂದರಿಗೆ ಕಟ್ಟಿದ ನಮ್ಮ ಹಡಗು ಸಂಜೆ ನಾಲ್ಕಕ್ಕೆ ಮತ್ತೆ ಹೊರಡಬೇಕಿತ್ತು. ಅಜ್ಜ ಮೊದಲು ಲೇಸಿಯ ಹೇಳಿಕೆ ತರಿಸಿ ಎರಡು ಸಲ ಓದಿದ, ಆಮೇಲೆ ನನಗೂ ಗಟ್ಟಿಯಾಗಿ ಓದಿದ. "'ಮೆಸ್ಸು ಅತ್ಯಂತ ಗಲೀಜಾಗಿತ್ತು. ಕಿಂಡಿಯ ಕೆಳಗೇ ಮೇಜಿನ ಮೇಲೆ ಹಿಟ್ಟಿನ ತಟ್ಟೆಯನ್ನು ಹಾಗೇ ತೆರೆದಿಟ್ಟಿದ್ದರು. ಅದರ ಮೇಲೆ ಬಾಗಿ ನಾನು ಕಿಂಡಿ ಮುಚ್ಚಬೇಕಾಯಿತು.' ಗಲೀಜಂತೆ! ಈ ಸಾಹೇಬ ಯಾವತ್ತಾದ್ರೂ ಹಿಟ್ಟು ಕಲಸಿದ್ದಾನೇನೋ?"

"ಆ ತಟ್ಟೆ ಮ್ಯಾಟಿದೇ" ಎಂದೆ. "ನಿನ್ನೆ ಅಡುಗೆ ಸರದೀನೂ ಅವಂದೇ ಇತ್ತಲ್ಲ. ಸುತ್ತಿಗೆ ಹೋಗೋ ಮುಂಚೆ ಇಟ್ಟ. ನಾನು ಈಗ ಕಡುಬು ಕಟ್ತೀನಿ."

ನಮ್ಮ ಹಡಗಿನಲ್ಲಿ ಪ್ರತಿ ಮೆಸ್ಸಿನವರೂ ತಮ್ಮ ಊಟ ತಾವೇ ಹೊಂದಿಸಿ, ಬೇಯಿಸಲು ಮಾತ್ರ ಅಡುಗೆಮನೆಗೆ ಕೊಡುವುದು ಪದ್ಧತಿ. ತಟ್ಟೆಯಲ್ಲಿದ್ದ ಹಿಟ್ಟು, ಕೊಬ್ಬು, ದ್ರಾಕ್ಷಿಗೆ ನೀರು ಹಾಕಿ ಕಲಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಹೊಗೆಗೊಳವೆಯ ಬುಡದ ಅಡುಗೆಮನೆಗೆ ಒಯ್ದೆ. ಅಲ್ಲಿನ ಬಿಸಿ ಗೋಡೆಗೆ ಯಾರೋ ನೀಲಿ ಜಮಖಾನೆ ಒಣಹಾಕಿದ್ದರು. ಅದರ ಮೇಲೆ ಬಿಳಿಯ ಗೆರೆ. ನನ್ನ ಕೈಯ ಹಿಟ್ಟು ಬಿತ್ತೇನೋ ಎಂದು ಹೆದರಿ ಒರೆಸಿದೆ. ಹೋಗಲಿಲ್ಲ. ಇದನ್ನು ಹೇಳಿದಾಗ ಅಜ್ಜ ಎದ್ದು ಬಂದ. ಗೆರೆಯ ಮೇಲೆ ಬೆರಳಾಡಿಸಿ ನಾಲಗೆಗೆ ಇಟ್ಟುಕೊಂಡ.

ಹನ್ನೊಂದಕ್ಕೆ ಬೆಳಕು ಕಂಡ ಸಾಕ್ಷಿ ಬಂದ. ಜೋಸಯಾ ಉಟಿಂಗ್, 'ಹೆದರ್ ಲಾ' ಹಿಂದೆಯೇ ಬರುತ್ತಿದ್ದ ಕಲ್ಲಿದ್ದಲ ಹಡಗಿನ ಯಜಮಾನ. ನೌಕಾಪಡೆಯವನಲ್ಲ. ಎದೆಯವರೆಗೆ ಗಡ್ಡ.

"ನಿಮ್ಮ ಹಡಗು ನಂಗೆ ಬಲಕ್ಕೆ, ಸ್ವಲ್ಪ ಮುಂದೆ ಇತ್ತು" ಎಂದ. "ಹಳದಿ ಬೆಳಕು. ಕಣ್ಣು ಮುಚ್ಚಿ ತೆಗೆದಂಗೆ."

"ಯಾರೋ ಅಡ್ಡ ಓಡಾಡ್ದಂಗಾ, ಯಜಮಾನ್ರೇ?" ಅಜ್ಜ ಕೇಳಿದ.

"ಇಲ್ಲಪ್ಪ. ನಿಧಾನ. ಲೆಕ್ಕ ಇಟ್ಟಂಗೆ. ನಿಮ್ಮ ಮೂತಿ ಅಲೆ ಮೇಲೆ ಎದ್ದಾಗ ಬೆಳಕು ಕಾಣ್ತಿತ್ತು, ಇಳಿದಾಗ ಹೋಗ್ತಿತ್ತು. ನಾನು ದೀಪ ಮಿಣುಕಿಸಿ ನಿಮಗೆ ಹೇಳೋ ಹೊತ್ತಿಗೆ..." ಅವನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

"ಗಾಳಿ ಯಾವ ಕಡೆಯಿಂದ?"

"ಎಡಮೂತಿಗೆ. ನಿಮ್ಮ ಮುಂಭಾಗ ನೀರೊಳಗೇ ಇತ್ತಲ್ಲೋ ಮಾರಾಯ! ನಿಂಗೆ ಗೊತ್ತಿಲ್ವಾ?"

"ಗೊತ್ತು. ನಿಮ್ಮ ಬಾಯಲ್ಲಿ ಕೇಳಬೇಕಿತ್ತು. ಎರಡು ಗಂಟೆವರೆಗೆ ಇರ್ತೀರಲ್ಲ?"

ಹನ್ನೆರಡಕ್ಕೆ ಊಟ. ಕೆಲವರು ಮ್ಯಾಟಿಯ ಖಾಲಿ ಜಾಗಕ್ಕೆ ಬೆನ್ನು ಹಾಕಿ ಕೂತಿದ್ದರು. ಹನ್ನೊಂದು ಹೆಣಗಳ ಭಾರವನ್ನು ಅವನೊಬ್ಬನ ಮೇಲೆ ಹೊರಿಸಿದರೆ ತಮಗೆ ಹಗುರ. ನಾನು ಕಡುಬು ಬಾಯಿಗಿಟ್ಟು ಉಗಿಯುವಂತಾದೆ.

"ಥೂ! ಉಪ್ಪೇ ಇಲ್ಲ. ಮ್ಯಾಟಿ ಹಾಕಿರ್ತಾನೆ ಅಂದ್ಕೊಂಡು ನಾನೂ ಹಾಕ್ಲಿಲ್ಲ."

ಅಜ್ಜನ ದವಡೆ ನಿಂತಿತು. "ಏನಂದೆ?"

"ಉಪ್ಪಿಲ್ಲ ಅಂದೆ. ಗೋಡೆಗೆ ಹಚ್ಚೋ ಅಂಟು ತಿಂದಂಗಿದೆ."

ಅವನು ಮೆಲ್ಲಗೆ ಅಗಿದು ನುಂಗಿದ. ಉಳಿದ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟ. "ವಿಲ್ಫ್, ನೀನು ನೀರು ಹಾಕೋವಾಗ ಹಿಟ್ಟು ಹೆಂಗಿತ್ತು?"

"ಹಿಟ್ಟು ಹಿಟ್ಟಿನ ಹಾಗೇ ಇತ್ತು. ಪುಡಿ ಪುಡಿ."

"ಈ ಮಾತು ಸಾಹೇಬ್ರ ಮುಂದೆ ಹೇಳ್ತೀಯಾ? ಕಾಲು ನಡುಗಲ್ವಾ?"

"ನಡುಗ್ತವೆ. ಹೇಳ್ತೀನಿ."

ಆಮೇಲೆ ಅಧಿಕಾರಿಗಳ ಕೋಣೆ ನೋಡಿಕೊಳ್ಳುವ ಕಾರ್ಮೆಲೊ ಜೆರಾಫಾನನ್ನು ಹುಡುಕಿದೆವು. ಮಾಲ್ಟಾ ದ್ವೀಪದವನು. ಬೂಟು ಉಜ್ಜುತ್ತಿದ್ದವನು ಜಮಖಾನೆಯ ಮಾತು ಬಂದೊಡನೆ ಬಾಗಿಲ ಕಡೆ ನೋಡಿದ.

"ಅಜ್ಜ, ನನ್ನ ಬಿಟ್ಬಿಡು. ಮನೇಲಿ ನಾಲ್ಕು ಮಕ್ಳು, ಮೇಲಿಂದ ದಿನಾ ಬಾಂಬು. ಈ ಕೆಲ್ಸ ಹೋದ್ರೆ ಏನ್ ಕಳಿಸ್ಲಿ?"

"ನಿನ್ನ ಜಮಖಾನೆ ಆಗ್ಲೇ ನಂಗೆ ಮಾತಾಡಿದೆ. ಯಾರ ಕೋಣೇದು, ಅಷ್ಟು ಹೇಳು."

ಅವನು ಮತ್ತೆ ಬೂಟಿನ ಮೇಲೆ ಬಾಗಿದ. "ಲೇಸಿ ಸಾಹೇಬ್ರದ್ದು. ಕುಡಿಯೋ ನೀರು ಚೆಲ್ತು ಅಂದ್ರು. ಬಕೆಟ್ಟೂ ತೊಳೆದೆ. ಸಮುದ್ರಕ್ಕಿಳಿದ್ರೆ ಅವರಿಗೆ ಆಗಲ್ಲ, ಯಾರಿಗೂ ಹೇಳ್ಬೇಡ ಅಂತ..." ಮುಂದಿನ ಮಾತು ಬೂಟಿನೊಳಗೆ ಹೋಯಿತು. ಲೇಸಿ ಯಾವಾಗಲೂ ಪೆಪ್ಪರ್‌ಮಿಂಟ್ ಚೀಪುತ್ತಿದ್ದುದು ನನಗಾಗ ನೆನಪಾಯಿತು. ನಾವದನ್ನು ದೊಡ್ಡಮನೆಯ ಚಪಲ ಅಂದುಕೊಂಡಿದ್ದೆವು.

ಎರಡು ಗಂಟೆಗೆ ಅಧಿಕಾರಿಗಳ ಊಟದ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಮೇಜಿನ ತಲೆಗೆ ಕ್ಯಾಪ್ಟನ್ ಮಾರ್ಡೆನ್, ಮೂರು ರಾತ್ರಿ ನಿದ್ದೆಯಿಲ್ಲದ ಕಣ್ಣು. ಬಲಕ್ಕೆ ಲೇಸಿ, ಇಸ್ತ್ರಿ ಕೆಡದ ಕೋಟು. ಗೋಡೆಯ ಬದಿಯಲ್ಲಿ ಉಟಿಂಗ್, ಮೂಲೆಯಲ್ಲಿ ಜೆರಾಫಾ. ಇಬ್ಬರು ಕಾವಲಿನ ನಡುವೆ ಮ್ಯಾಟಿ. ಅವನ ಬೆರಳುಗಳು ಪ್ಯಾಂಟಿನ ಹೊಲಿಗೆಯನ್ನು ಬಿಚ್ಚುತ್ತಿದ್ದವು.

"ಟ್ರೆಗೆನ್ಜಾ, ಬೇಗ ಮುಗಿಸು" ಎಂದರು ಕ್ಯಾಪ್ಟನ್.

"ಆಗ್ಲಿ ಸಾರ್. ಮೊದಲು ಬೆಳಕು. ಮೂತಿ ಎದ್ದಾಗ ಕಂಡು, ಇಳಿದಾಗ ಮರೆಯಾದ ಬೆಳಕು. ನಮ್ಮ ಮೆಸ್ಸಿನ ಕಿಂಡಿ ತೆರೆದಿದ್ರೆ ಬೆಳಕು ಸುಮ್ನೆ ಉರೀತಾನೇ ಇರ್ತಿತ್ತು. ಅಲೆ ಮರೆ ಮಾಡ್ತು ಅಂದ್ರೆ ನೀರು ಒಳಗೂ ನುಗ್ಗಿರ್ಬೇಕು, ಅದಕ್ಕೆ ಆಮೇಲೆ ಬರ್ತೀನಿ. ಅಲ್ಲಿ ಅದನ್ನ ಮುಚ್ಚಿ ತೆಗೆಯೋ ಬೇರೆ ವಸ್ತು ಏನೂ ಇಲ್ಲ. ಮುಚ್ಚಿ ತೆಗೆದಿದ್ದು ಪರದೆ. ಹಿತ್ತಾಳೆ ಸರಳಿಗೆ ಉಂಗುರ ಹಾಕಿ ಬಿಟ್ಟ ಪರದೆ, ಮೂತಿ ಎದ್ರೆ ಹಿಂದಕ್ಕೆ ಜಾರತ್ತೆ, ಇಳಿದ್ರೆ ಮುಂದಕ್ಕೆ. ಸಾರ್, ನಾವು ಮೂವತ್ತು ಜನ ಒಬ್ಬರ ಮೂಗಿಗೆ ಒಬ್ಬರ ಕಾಲಿಟ್ಟು ಮಲಗ್ತೀವಿ. ನಮಗೆ ಯಾರೂ ಪರದೆ ಕೊಟ್ಟಿಲ್ಲ."

ಉಟಿಂಗ್ ಗಡ್ಡದೊಳಗೆ "ಸರಿ" ಎಂದ.

"ಪರದೆ ಇರೋದು ಹಿಂಭಾಗದ ಅಧಿಕಾರಿ ಕೋಣೆಗಳಲ್ಲಿ. ಎಡಪಕ್ಕೆಯಲ್ಲಿ ಎರಡೇ. ಒಂದು ನಿಮ್ದು. ನೀವು ಸಂಜೆಯೆಲ್ಲ ಮೇಲೆ ಹಡಗು ನಡೆಸೋ ಅಟ್ಟದಲ್ಲಿ ಇದ್ರಿ, ನೂರು ಕಣ್ಣು ನೋಡಿವೆ. ಇನ್ನೊಂದು ಲೇಸಿ ಸಾಹೇಬ್ರದ್ದು. ನಾವೆಲ್ಲ ತೋಪಿನ ಹತ್ರ ನಿಂತಾಗ ಹಡಗೆಲ್ಲ ಓಡಾಡೋ ಹಕ್ಕಿರೋದು ಮೊದಲ ಲೆಫ್ಟಿನೆಂಟ್ ಒಬ್ಬರಿಗೇ."

"ಇದು ಅಧಿಕಪ್ರಸಂಗ!" ಲೇಸಿ ಎದ್ದರು. "ಮೆಸ್ಸಿನ ಕಿಂಡಿ ತೆರೆದಿದ್ದನ್ನ ಈ ಕಣ್ಣಲ್ಲಿ ನೋಡಿದೀನಿ."

"ಹಿಟ್ಟಿನ ತಟ್ಟೇನೂ ನೋಡಿದ್ರಲ್ವಾ, ಸಾರ್? ಕಿಂಡಿ ಕೆಳಗೇ?"

"ನೋಡಿದೆ. ಬರೆದೂ ಇದೀನಿ."

ಅಜ್ಜ ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಡಿಸಿದ. ಹೊಳೆಯುವ ಆ ಮರದ ಮೇಲೆ ನಮ್ಮ ಬೂದು ಕಡುಬು ದಿಕ್ಕಿಲ್ಲದ ಮಗುವಿನಂತೆ ಕೂತಿತ್ತು.

"ಆ ಹಿಟ್ಟು ಇದೇ. ಮ್ಯಾಟೀನ ಸಂಜೇನೇ ಕೂಡಿಹಾಕಿದ್ರು, ಅವನು ಆಮೇಲೆ ಮುಟ್ಟಿಲ್ಲ. ಬೆಳಿಗ್ಗೆ ಕಲಸಿದ್ದು ವಿಲ್ಫ್ ಆಟ್ರಿಜ್."

ನಾನು ಒಂದು ಹೆಜ್ಜೆ ಮುಂದೆ ಬಂದೆ. "ಹಿಟ್ಟು ಒಣಗೇ ಇತ್ತು, ಸಾರ್. ನಾನೇ ನೀರು ಹಾಕಿದೆ. ಉಪ್ಪು ಹಾಕಲಿಲ್ಲ."

"ಅಲೆ ಎಡಮೂತಿಗೆ ಹೊಡೀತಿತ್ತು" ಅಜ್ಜ ಮುಂದುವರಿಸಿದ. "ಬೆಳಕು ಕಂಡಿದ್ದು ಆರೂ ಹತ್ತಕ್ಕೆ, ಸಾಹೇಬ್ರು ಮುಚ್ಚಿದ್ದು ಆರೂ ನಲವತ್ತಕ್ಕೆ. ಅರ್ಧ ಗಂಟೆ ಆ ಕಿಂಡಿ ತೆರೆದಿದ್ರೆ ತಟ್ಟೇಲಿ ಮೀನು ಸಾಕಬಹುದಿತ್ತು. ನೆಲ ಒದ್ದೆ ಇತ್ತು ಅಂದ್ರೆ ಅದು ಯಾವಾಗ್ಲೂ ಒದ್ದೆ, ಹಿಟ್ಟು ಹಂಗಲ್ಲ. ಸಮುದ್ರ ಉಪ್ಪಿಗೆ ಯಾವತ್ತೂ ಜಿಪುಣತನ ಮಾಡಿಲ್ಲ, ಸಾರ್. ರುಚಿ ನೋಡಿ."

ಕ್ಯಾಪ್ಟನ್ ಚೂರು ಮುರಿದು ಬಾಯಿಗಿಟ್ಟರು. ಬಹುಶಃ ಅವರು ನಮ್ಮ ಊಟ ತಿಂದದ್ದು ಅದೇ ಮೊದಲು. ಬಹಳ ಹೊತ್ತು ಅಗಿದರು.

"ಇದರಲ್ಲಿ ಇಲ್ಲದ ಉಪ್ಪು ಎಲ್ಲಿ ಹೋಯ್ತು? ಲೇಸಿ ಸಾಹೇಬ್ರ ಜಮಖಾನೆಗೆ. ಹಿಂಭಾಗಕ್ಕೆ ಅಲೆ ಬರಲ್ಲ, ತುಂತುರು ಬರತ್ತೆ. ಕುಡಿಯೋ ನೀರು ಒಣಗಿದ್ರೆ ಬಿಳೀ ಗೆರೆ ಉಳಿಯಲ್ಲ. ನಾನು ನೆಕ್ಕಿ ನೋಡಿದೀನಿ. ಜೆರಾಫಾ?"

ಮೂಲೆಯಲ್ಲಿ ಜೆರಾಫಾ ಕಣ್ಣು ಮುಚ್ಚಿಕೊಂಡೇ ಹೇಳಿದ: "ಅದು ಸಾಹೇಬ್ರ ಕೋಣೇದೇ, ಸಾರ್. ಬಕೆಟ್ಟೂ ಇತ್ತು."

"ಕತ್ತಲು ಸುತ್ತಿನವನು ನಮ್ಮ ಕಿಂಡಿಗಳನ್ನ ಕೈಯಿಂದ ಎಳೆದು ನೋಡ್ತಾನೆ" ಎಂದ ಅಜ್ಜ. "ಅಧಿಕಾರಿ ಬಾಗಿಲು ಬರೀ ತಟ್ತಾನೆ. ಒಳಗಿಂದ 'ಮುಚ್ಚಿದೆ' ಅಂದ್ರೆ ನಂಬಿ ಹೋಗ್ಬೇಕು, ಅದು ಮರ್ಯಾದೆ. ಆಮೇಲೆ ಯಾರು ತೆರೆದ್ರೂ ಕೇಳೋರಿಲ್ಲ. ಸಾಹೇಬ್ರೇ, ವಾಂತಿ ಎಲ್ರಿಗೂ ಬರತ್ತೆ. ನಾನು ಹದಿಮೂರು ವರ್ಷ ಕಕ್ಕಿದೀನಿ. ನಮ್ಮ ಮುಂದೆ ಕಕ್ಕಿದ್ರೆ ನಾವು ನಗ್ತಿದ್ವಿ, ಬಕೆಟ್ ಹಿಡೀತಿದ್ವಿ. ಹನ್ನೊಂದು ಜನ ಉಳೀತಿದ್ರು."

ಲೇಸಿ ಕೂತರು. ಮುಖ ಕಡುಬಿನ ಬಣ್ಣಕ್ಕೆ ತಿರುಗಿತ್ತು. "ಹತ್ತೇ ನಿಮಿಷ" ಎಂದರು. "ಉಸಿರು ಕಟ್ತಿತ್ತು. ದೀಪ ಆರಿಸೋದು... ತಲೆಗೇ ಹೊಳೀಲಿಲ್ಲ. ಆಮೇಲೆ ಆ ಸದ್ದು ಕೇಳಿಸ್ತು."

"ಆಮೇಲೆ ನೀವು ನಮ್ಮ ಮೆಸ್ಸಿಗೆ ಇಳಿದ್ರಿ" ಎಂದ ಮ್ಯಾಟಿ. ಅವನು ಬಾಯಿಬಿಟ್ಟದ್ದು ಅದೇ ಮೊದಲು. "ನನ್ನ ಹೆಸರು ಹುಡುಕ್ಕೊಂಡು."

ಕ್ಯಾಪ್ಟನ್ ಪೆನ್ನೆತ್ತಿಕೊಂಡರು. ಮೆಲ್ಲಗೆ ಹೇಳಿದರು: "ಹೆಸ್ಲೊಪ್, ನಿನ್ನ ಬಿಡುಗಡೆ ಆಗಿದೆ. ಬೆಳಕಿನ ಮೂಲ ತಿಳಿಯಲಿಲ್ಲ ಅಂತ ಬರೀತೀನಿ. ಲೇಸಿ ಕಾಯಿಲೆ ಅಂತ ದಡಕ್ಕೆ ಹೋಗ್ತಾರೆ. ಹಡಗಿನ ಹೆಸರೂ ಉಳಿಯತ್ತೆ."

"ಬಿಡುಗಡೆ ನಂಗೆ ಸಾಲಲ್ಲ, ಸಾರ್" ಎಂದ ಮ್ಯಾಟಿ. "ಮೂಲ ತಿಳೀಲಿಲ್ಲ ಅಂದ್ರೆ ನಮ್ಮ ಬೀದೀಲಿ ಮೂಲ ನಾನೇ ಆಗ್ತೀನಿ. ಯಾರ ಕಿಂಡಿ ಅಂತ ಬರೀರಿ."

ಪೆನ್ನು ಗಾಳಿಯಲ್ಲೇ ನಿಂತಿತ್ತು. ಉಟಿಂಗ್ ಟೋಪಿ ಹಾಕಿಕೊಂಡು ಎದ್ದ. "ಗುರುವಾರ ನಾನು ಖಾಲಿ ಹಡಗು ತಗೊಂಡು ಟೈನ್‌ಗೆ ವಾಪಸ್ ಹೋಗ್ತೀನಿ, ಕ್ಯಾಪ್ಟನ್. ಹನ್ನೊಂದು ಮನೆ ಬಾಗಿಲು ತಟ್ಟಬೇಕು. ನನ್ನ ಬಾಯಿಗೆ ನೌಕಾಪಡೆ ಬೀಗ ಹಾಕಿಲ್ಲ. ನೀವು ಬರೆದಿದ್ದೂ ನಾನು ಹೇಳೋದೂ ಒಂದೇ ಆಗಿದ್ರೆ ಚಂದ."

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ಬಡವರಿಗೆ ಮಾತ್ರ ಹೇಳುವ ಗಾದೆ ಎಂದು ನಾನು ತಿಳಿದಿದ್ದೆ. ಕ್ಯಾಪ್ಟನ್ ಮಾರ್ಡೆನ್ ಲೇಸಿಯ ಹೆಸರು ಬರೆದರು. ಕಾಗದವನ್ನು ತಿರುಗಿಸಿ, ಓದಿಕೊಳ್ಳಲೆಂದು ಮ್ಯಾಟಿಯ ಮುಂದೆ ತಳ್ಳಿದರು. ಅವನು ಬೆರಳಿಟ್ಟು ಒಂದೊಂದೇ ಸಾಲು ಓದಿದ.

ನಾಲ್ಕಕ್ಕೆ ಹಗ್ಗ ಬಿಚ್ಚಿದೆವು. ಹೊರಡುವ ಮೊದಲು ಕ್ಯಾಪ್ಟನ್ ಹೊಸ ಆಜ್ಞೆಯೊಂದನ್ನು ಗೋಡೆಗೆ ಅಂಟಿಸಿದ್ದರು: ಇನ್ನು ಅಧಿಕಾರಿಗಳ ಕಿಂಡಿಗಳನ್ನೂ ಕೈಯಿಂದ ಎಳೆದು ನೋಡಬೇಕು. ಕತ್ತಲು ಸುತ್ತು ಹೋಗಲು ಮ್ಯಾಟಿ ತಾನೇ ಮುಂದೆ ಬಂದ. ದೀಪ ಹಿಡಿದು ನಾನು ಹಿಂದೆ ಹೋದೆ. ಲೇಸಿಯ ಕೋಣೆಗೆ ಆಗಲೇ ಎಳೆಯ ಸಬ್ ಲೆಫ್ಟಿನೆಂಟ್ ಒಬ್ಬ ಬಂದಿದ್ದ. ಬಾಗಿಲು ತಟ್ಟಲು ಮ್ಯಾಟಿಯ ಕೈ ರೂಢಿಯಂತೆ ಮೇಲೆದ್ದಿತು. ಅರ್ಧದಲ್ಲಿ ನಿಂತಿತು. ಹಿಡಿ ತಿರುಗಿಸಿ ಬಾಗಿಲು ತೆರೆದ.

ಒಳಗಿದ್ದವನು ಅರ್ಧ ಹಾಕಿದ ಷರಟಿನಲ್ಲೇ ಬೆಚ್ಚಿ ತಿರುಗಿ, "ಎಲ್ಲಾ ಮುಚ್ಚಿದೆ ಕಣಯ್ಯ" ಎಂದ.

"ನೋಡ್ತೀನಿ, ಸಾರ್" ಎಂದ ಮ್ಯಾಟಿ. ಒಳಗೆ ಹೋಗಿ, ಪರದೆ ಸರಿಸಿ, ತಿರುಪಿಗೆ ಕೈ ಹಾಕಿದ.