ಖಡಿ ಮಷಿನ್ನಿನ ಓರೆ ಪಟ್ಟಾ

ಅಂಗಿ ತೋಳು ರೋಲರಿಗೆ ಸಿಕ್ಕಿತ್ತು.

ಪಟ್ಟಾ ಎಳ್ಯಾಕತ್ತಿತ್ತು... ಮೊದ್ಲ ಗುಂಡಿ ಹೋತು. ಆಮ್ಯಾಲ ಬೆರಳಿಗೆ ರಬ್ಬರ್ ತಾಕಿತು.

ಎದುರಿಗೆ ರೇವಮ್ಮ. ಕೈಯಾಗ ಬೋಲ್ಟ್ ತಿರುವೋ ಪಾನಾ.

ನಾ ಸತ್ರ ಆಕೀ ಗುಟ್ಟು ನನ್ನ ಜೋಡೀನ ಸುಡ್ತಿತ್ತು. ಅದು ಆಕಿಗೂ ಗೊತ್ತಿತ್ತು.

ನಗಬ್ಯಾಡಲೇ, ಕೇಳು.

ಅತನೂರ ಕಡೆ ಶ್ರೀಪಾದರಾಯರ ಖಡಿ ಮಷಿನ್, ಕಲ್ಲು ಒಡದು ಜಲ್ಲಿ ಮಾಡೋದು. ಒಡದ ಕಲ್ಲು ರಬ್ಬರ್ ಪಟ್ಟಾದ ಮ್ಯಾಲ ಸಾಗ್ತದ. ಆ ಪಟ್ಟಾ ದಿನಾ ಒಂದ್ ಕಡೀಗೆ ಸರೀತಿತ್ತು. ಅರ್ಧ ಖಡಿ ನೆಲದ ಪಾಲು. ಯಾರೋ ರೋಲರ್ ಓರೆ ಮಾಡಾಕತ್ಯಾರ ಅಂತ ರಾಯರಿಗೆ ಡೌಟು. ಕಳ್ಳನ್ನ ಹಿಡಿ, ಪಟ್ಟಾ ಸೀದಾ ಮಾಡು ಅಂದ್ರು. ಫಿಟ್ಟರ್ ಕೆಲ್ಸ, ಸಿಐಡಿ ಕೆಲ್ಸ... ಎರಡಕ್ಕೂ ಈ ಭಗವಂತ ಒಬ್ಬಾವನ ಸಾಕು ಅಂತ ಕಾಲರ್ ಎತ್ತಿದ್ದೆ.

ಮಂದಿ ಊಟಕ್ಕ ಹೋದಾಗ ಪಟ್ಟಾ ಖಾಲಿ ಓಡ್ತಿತ್ತು. ನಾ ಗೋಣಿಚೀಲ ಹೊದ್ಕೊಂಡು ಅದರ ಬಾಜೂಕ ಹೆಣದಂಗ ಬಿದ್ದಿದ್ದೆ. ಬಂದಾಕಿ ರೇವಮ್ಮ. ಕೆಳಗ ಬಿದ್ದ ಖಡಿ ಬುಟ್ಟೀಲೆ ಎತ್ತೋ ಹೆಣ್ಮಕ್ಕಳ ಹಿರೀಕಿ. ರೋಲರ್ ಸ್ಟ್ಯಾಂಡಿನ ಬೋಲ್ಟ್ ಸಡ್ಲಿಸಿ ಒಂದ್ ಪೆಟ್ಟು ಕೊಟ್ಲು. ಪಟ್ಟಾ ಸರೀತು.

ಸುಮ್ನ ಹಿಡೀಬೇಕಿತ್ತು. ನನಗ ಹೀರೋ ಆಗಬೇಕಿತ್ತಲ್ಲ! ಭೂತದಂಗ ಜಿಗದು ಕೈ ಬೀಸಿದೆ.

“ರೇವಮ್ಮ... ನಿನ್ನ ಪಿಕ್ಚರ್ ಮುಗೀತು!”

ಬೀಸಿದ ಕೈ ಸೀದಾ ರೋಲರಿಗೆ.

ಆಕಿ ಓಡಲಿಲ್ಲ. ಪಾನಾ ಒಗದು, ಮಷಿನ್ ನಿಲ್ಸೋ ಹಗ್ಗಕ್ಕ ಜೋತುಬಿದ್ಲು.

ಎಲ್ಲಾ ನಿಂತಿತು. ಕೈ ಉಳೀತು.

“ಯಾಕ ಮಾಡ್ತೀ ಯವ್ವಾ ಇದನ್ನ?”

“ಖಡಿ ಬಿದ್ರ ನಮಗ ಕೂಲಿ. ಬೀಳ್ಲಿಲ್ಲಂದ್ರ ನಮ್ಮನ್ನ ಯಾರು ಕೇಳ್ತಾರ? ರಾಯರಿಗೆ ಹೇಳ್ತಿಯೇನು ತಮ್ಮಾ?”

“ಇಲ್ಲ.”

ಹೇಳ್ಲಿಲ್ಲ. ಬೇರಿಂಗ್ ಸವದದ ಅಂತ ರಾಯರಿಗೆ ಪುಂಗಿ ಊದಿದೆ. ಅವ್ರು ಬಿಡ್ಲಿಲ್ಲ, ತಲಿ ಮ್ಯಾಲ ನಿಂತು ಪಟ್ಟಾ ಸೀದಾ ಮಾಡಿಸಿದ್ರು. ರೋಲರಿನ ಯಾವ ತುದಿ ಪಟ್ಟಾಕ್ಕ ಮೊದ್ಲ ಸಿಗ್ತದೋ, ಪಟ್ಟಾ ಆ ಕಡೀಗೆ ಓಡ್ತದ. ಆ ತುದಿ ಚೂರು ಮುಂದಕ್ಕ ಬಡ್ದೆ. ಪಟ್ಟಾ ನಟ್ಟನಡುವ ಓಡ್ತು... ಒಂದ್ ಹರಳು ಬೀಳ್ಲಿಲ್ಲ! ಖರೇ ಹೇಳ್ತೇನಿ, ಒಂದ್ ಗಳಿಗಿ ಎದಿ ಉಬ್ಬಿತ್ತು.

ರಾಯರು ನನಗ ಶಾಭಾಸ್ ಅಂದು, ಹಂಗ ಹೆಣ್ಮಕ್ಕಳ ಕಡೆ ತಿರುಗಿದ್ರು.

“ನಾಳಿಂದ ಬರಬ್ಯಾಡ್ರಿ.”

ರೇವಮ್ಮ ಬುಟ್ಟಿ ಬೋರಲ ಹಾಕಿದ್ಲು. ಬಂದು ನನ್ನ ಕೈ ಹಿಡದು ತಿರುವಿ ನೋಡಿದ್ಲು.

“ಬಾವು ಬಂದದ. ಅರಿಶಿಣ ಹಚ್ಗೊ.”

ಬೈದಿದ್ರ ನಿದ್ದಿ ಬರ್ತಿತ್ತು ಮಾರಾಯ. ಈ ಕೈ ಉಳಿಸಿದಾಕಿ ಆಕಿ. ಅದೇ ಕೈಲೆ ಆಕೀ ರೊಟ್ಟಿ ಕಸ್ಗೊಂಡಿದ್ದೆ.

ಮರುದಿನ ಪಟ್ಟಾ ಮತ್ತ ಸರೀತು. ಖಡಿ ದಬದಬ ಬಿತ್ತು. ಹೆಣ್ಮಕ್ಕಳಿಗೆ ಹೇಳಿಕಳಿಸಿ ರಾಯರು ನನ್ನ ಹತ್ರ ಬಂದ್ರು. ಕಣ್ಣು ಕೆಂಡ.

“ಕಳ್ಳನ್ನ ಹುಡುಕು ಭಗವಂತ. ಸಿಕ್ಕ ಕೂಡ್ಲೆ ಕೈ ಮುರಿ.”

“ಹೌದ್ರಿ” ಅಂದೆ.

ಬಾವು ಬಂದ ಕೈ ಪ್ಯಾಂಟಿನ ಜೇಬಿನ್ಯಾಗ ಇಳಿಸಿದೆ.

ಒಳಗ, ಬೋಲ್ಟ್ ಸಡ್ಲಿಸಿದ ಪಾನಾ ಇನ್ನೂ ಬೆಚ್ಚಗಿತ್ತು.