ಅರವತ್ತನಾಲ್ಕು ಕಂಬ

ಡೂಗಲ್ ಗಿಲ್‌ಫಿಲನ್ ಕಳ್ಳನಾಗಲು ತೀರ್ಮಾನಿಸಿದ್ದು ಒಂದು ಹೊಗಳಿಕೆಯ ಮಾತು ಕೇಳಿ.

ಹೊಗಳಿದವನು ಅವನ ಯಜಮಾನ ನೋಯಲ್ ಹ್ಯಾಗರ್ಟ್. ಸೌತ್‌ಲ್ಯಾಂಡ್ ಸೀಮೆಯ ಗ್ಲೆನ್‌ಟೋರಿ ಊರಿಗೆಲ್ಲ ಇರುವುದು ಒಂದೇ ಮರದ ಡಿಪೋ, ಅದು ನೋಯಲ್‌ನದು. ಅಲ್ಲಿ ಕೆಲಸ ಮಾಡುವ ಯಾರೇ ಮರ ಕೊಂಡರೂ ನೂರಕ್ಕೆ ಹತ್ತು ಬಿಡುವುದು ರೂಢಿ. ಲಾರಿ ಓಡಿಸುವವನಿಗೆ ಬಿಟ್ಟಿದ್ದ, ಗರಗಸದವನಿಗೆ ಬಿಟ್ಟಿದ್ದ, ವಾರಕ್ಕೆರಡು ದಿನ ಕಸ ಗುಡಿಸುವವಳ ಕೋಳಿಗೂಡಿಗೂ ಬಿಟ್ಟಿದ್ದ. ಒಂದು ಬೆಳಿಗ್ಗೆ ಚಹಾದ ಹೊತ್ತಿಗೆ ಡೂಗಲ್ ತನಗೂ ಸ್ವಲ್ಪ ಮರ ಬೇಕಿತ್ತು ಎಂದು ಬಾಯಿ ಬಿಟ್ಟ.

"ನಿಂಗ್ಯಾಕೋ ರಿಯಾಯಿತಿ?" ಎಂದ ನೋಯಲ್. "ಇವರೆಲ್ಲ ಅಡ್ಡಾದಿಡ್ಡಿ ಕೊಯ್ದು ಹಾಳು ಮಾಡ್ತಾರೆ, ಪಾಪ ಅಂತ ಹತ್ತು ಪರ್ಸೆಂಟ್ ಬಿಡ್ತೀನಿ. ನೀನು ಗೇಣುದ್ದ ಮರಾನೂ ವೇಸ್ಟ್ ಮಾಡೋನಲ್ಲ. ನಿನಗೆ ಬಿಟ್ರೆ ನಿನ್ನ ವಿದ್ಯೆಗೇ ಅವಮಾನ ಮಾರಾಯ!"

ಎಲ್ಲರೂ ನಕ್ಕರು. ಡೂಗಲ್ ಕೂಡ ನಕ್ಕ. ಆದರೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತೆಗೆಯುವುದನ್ನು ಮರೆತುಬಿಟ್ಟ, ಅದು ಲೋಟದ ತಳಕ್ಕೆ ಹೋಯಿತು. ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ ಎಂದು ಅವನಿಗೆ ಅನಿಸಿತು.

ವಿದ್ಯೆಯ ಮಾತೇನೋ ಸುಳ್ಳಲ್ಲ. ಗ್ಲೆನ್‌ಟೋರಿಯಲ್ಲಿ ಮನೆ ಎಂದರೆ ಮರದ್ದೇ. ಕೆಳಗೊಂದು ಪಟ್ಟಿ, ಮೇಲೊಂದು ಪಟ್ಟಿ, ನಡುವೆ ಸಾಲಾಗಿ ನಿಂತ ಕಂಬಗಳು, ಕಂಬಗಳ ನಡುವೆ ಅಡ್ಡಪಟ್ಟಿಗಳು: ಇದು ಗೋಡೆಯ ಅಸ್ಥಿಪಂಜರ. ಮೇಸ್ತ್ರಿಗಳು ನಕ್ಷೆ ತಂದು ಡೂಗಲ್‌ನ ಮುಂದೆ ಹರಡುತ್ತಿದ್ದರು. ಅವನು ಪೆನ್ಸಿಲಿನ ತುದಿಯನ್ನು ಗೋಡೆಯುದ್ದಕ್ಕೂ ನಡೆಸುತ್ತ ಹೋಗಿ, ಮೂಲೆಗೆ ಇಷ್ಟು, ಕಿಟಕಿಗೆ ಇಷ್ಟು, ಕೊಯ್ದು ಹೋಗುವುದಕ್ಕೆ ಇಷ್ಟು ಎಂದು ಗೊಣಗಿ ಒಂದು ಸಂಖ್ಯೆ ಹೇಳುತ್ತಿದ್ದ. ಹತ್ತೊಂಬತ್ತು ವರ್ಷಗಳಲ್ಲಿ ಅವನು ಎಣಿಸಿದ ಯಾವ ಮನೆಗೂ ಕಂಬ ಸಾಲದೆ ಬಂದಿರಲಿಲ್ಲ, ಯಾವ ಮನೆಯಲ್ಲೂ ಉಳಿದಿರಲಿಲ್ಲ. ಡೂಗಲ್ ಎಣಿಸಿದ ಮನೆಯ ಅಂಗಳದಲ್ಲಿ ಒಲೆಗೆ ಚಕ್ಕೆಯೂ ಸಿಗುವುದಿಲ್ಲ ಎಂದು ಊರ ಹೆಂಗಸರು ಬೈದುಕೊಳ್ಳುತ್ತಿದ್ದರು. ಆ ಬೈಗುಳ ಅವನ ಕಿವಿಗೆ ಪದಕ ಸಿಕ್ಕಂತೆ ಕೇಳುತ್ತಿತ್ತು.

ಮರ ಅವನಿಗೆ ಬೇಕಾಗಿದ್ದು ಬ್ಯಾಗ್‌ಪೈಪ್ ಎಂಬ, ಚೀಲಕ್ಕೆ ಗಾಳಿ ತುಂಬಿ ಊದುವ ವಾದ್ಯದ ಸಲುವಾಗಿ. ಡೂಗಲ್ ಊರ ಪೈಪ್ ಬ್ಯಾಂಡಿನಲ್ಲಿ ಹಿಂದಿನ ಸಾಲಿನವನು. ಮುಂದಿನ ಸಾಲಿಗೆ ಬರಬೇಕೆಂಬುದು ಅವನ ಬಾಳಿನ ಆಸೆ, ಅದಕ್ಕೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಜಾಗ ಬೇಕು. ಹೆಂಡತಿ ಐಲಾ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು.

"ಈ ಗೋಡೆಗಳ ಒಳಗೆ ಒಂದೋ ಆ ಚೀಲ ಇರ್ಬೇಕು, ಇಲ್ಲಾ ನಾನಿರ್ಬೇಕು. ಯೋಚನೆ ಮಾಡು. ಬೇಗ ಮಾಡ್ಬೇಡ, ಅದೂ ಬೇಜಾರಾಗತ್ತೆ ನಂಗೆ."

ಕುರಿ ಹುಲ್ಲುಗಾವಲಿಗೆ ಹೋಗಿ ಊದಿ ನೋಡಿದ. ಕುರಿಗಳು ಬೇಲಿ ಹಾರಿದವು, ಕುರಿಯವನು ಬೇಲಿ ಹಾರಿ ಇವನತ್ತ ಬಂದ. ಉಳಿದದ್ದು ಒಂದೇ ದಾರಿ, ಹಿತ್ತಲಲ್ಲಿ ಒಂದು ಗುಡಿಸಲು. ಅದೂ ಬರೀ ಗುಡಿಸಲಲ್ಲ. ಸದ್ದು ಹೊರಗೆ ಬರಬಾರದೆಂದರೆ ಗೋಡೆಯೊಳಗೊಂದು ಗೋಡೆ ಕಟ್ಟಿ ನಡುವೆ ಕುರಿಯುಣ್ಣೆ ತುಂಬಬೇಕು. ಎರಡು ಗೋಡೆಯೆಂದರೆ ಎರಡರಷ್ಟು ಕಂಬ. ಲೆಕ್ಕ ಹಾಕಿದ: ಅರವತ್ತನಾಲ್ಕು. ರಿಯಾಯಿತಿ ಇಲ್ಲದೆ ಅಷ್ಟು ಕೊಂಡರೆ ಐಲಾ ಪೈಪನ್ನಲ್ಲ, ಅವನನ್ನೇ ಹೊರಗೆ ಹಾಕುತ್ತಿದ್ದಳು.

ಹಾಗಾಗಿ ಬೆರಿಲ್ ಎಚಿಸನ್ನಳ ನಕ್ಷೆ ಮೇಜಿನ ಮೇಲೆ ಬಂದಾಗ ಡೂಗಲ್‌ನ ಪೆನ್ಸಿಲು ಅರೆಕ್ಷಣ ನಿಂತಿತು.

ಬೆರಿಲ್ ಎಂಬತ್ತರ ಹತ್ತಿರದ ವಿಧವೆ. ಹೊಲ, ಮಂದೆ ಎಲ್ಲ ಮಾರಿ ಊರಂಚಿನ ದಿಬ್ಬದ ಮೇಲೆ ಮನೆ ಕಟ್ಟಿಸುತ್ತಿದ್ದಳು. ಹೊರಗೋಡೆ ಸುತ್ತಲೂ ಅರವತ್ತು ಮೀಟರು. ಕಂಬದಿಂದ ಕಂಬಕ್ಕೆ ಆರುನೂರು ಮಿಲಿಮೀಟರು ಅಂತರವಿರಲಿ ಎಂದು ನಕ್ಷೆಯಲ್ಲಿ ಬರೆದಿತ್ತು. ಆ ಲೆಕ್ಕಕ್ಕೆ ನೂರು ಕಂಬ ಸಾಕು. ಆದರೆ ಕೈ ತಪ್ಪಿ ನಾನೂರರ ಅಂತರಕ್ಕೆ ಎಣಿಸಿದರೆ? ನೂರೈವತ್ತು. ನಾಲ್ಕು ಮೂಲೆಗೆ, ಹತ್ತು ಬಾಗಿಲು ಕಿಟಕಿಗೆ ಒಂದೊಂದು ಹೆಚ್ಚು ಸೇರಿಸಿದರೆ ಇನ್ನು ಹದಿನಾಲ್ಕು. ಕೂಡಿದರೆ ಬರುವ ಹೆಚ್ಚುವರಿ ಎಷ್ಟು ಎಂಬುದನ್ನು ಅವನು ಎರಡು ಸಲ ಕೂಡಿ ನೋಡಿದ: ಅರವತ್ತನಾಲ್ಕು. ದೇವರೇ ಗುಡಿಸಲಿಗೆ ಅಳತೆ ತೆಗೆದುಕೊಂಡು ಹೋದಂತಿತ್ತು.

ಇದು ಕಳ್ಳತನವೇ ಎಂದು ಮನಸ್ಸು ಕೇಳದಿರಲಿಲ್ಲ. ಕೇಳಿತು, ಉತ್ತರವೂ ಸಿಕ್ಕಿತು. ನೂರಕ್ಕೆ ಹತ್ತು ತನಗೆ ನ್ಯಾಯವಾಗಿ ಬರಬೇಕಾದ್ದು. ಹತ್ತೊಂಬತ್ತು ವರ್ಷದ ಹತ್ತುಗಳನ್ನು ಕೂಡಿದರೆ ನೋಯಲ್‌ನೇ ತನಗೆ ಒಂದು ಚರ್ಚು ಕಟ್ಟುವಷ್ಟು ಮರ ಕೊಡಬೇಕು. ಹಣ ಹೋಗುವುದು ನೋಯಲ್‌ನದಲ್ಲ, ಬೆರಿಲ್‌ಳದು ಎಂಬ ಸಣ್ಣ ತೊಡಕನ್ನು ಅವನು ಪಕ್ಕಕ್ಕೆ ಸರಿಸಿದ. ಅಷ್ಟು ಕುರಿ ಮಾರಿದವಳಿಗೆ ಅರವತ್ತು ಚಿಲ್ಲರೆ ಕಂಬ ಯಾವ ಲೆಕ್ಕ?

ಉಪಾಯದ ಸೊಗಸು ಏನೆಂದರೆ, ಅದರಲ್ಲಿ ಕತ್ತಲೆ ಇರಲಿಲ್ಲ, ಬೀಗ ಒಡೆಯುವುದಿರಲಿಲ್ಲ. ಗೋಡೆ ಎದ್ದ ಮೇಲೆ ಹೆಚ್ಚುವರಿ ಕಂಬಗಳು ಅಂಗಳದಲ್ಲಿ ಉಳಿಯುತ್ತವೆ. ಚಾವಣಿ ಏರಿದ ವಾರದ ಶನಿವಾರ ಮನೆಯವರು ಕೆಲಸದವರಿಗೆ ಬಿಯರ್ ಕೊಡಿಸುವುದು ಆ ಊರ ಕಟ್ಟಳೆ. ಆ ಶನಿವಾರ ಡೂಗಲ್ ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಹೋಗುತ್ತಾನೆ. "ಉಳಿದಿದ್ದನ್ನ ಡಿಪೋಗೆ ಹಾಕ್ಬಿಡ್ತೀನಿ" ಎನ್ನುತ್ತಾನೆ. ಬಿಯರ್ ಕುಡಿದು ಖುಷಿಯಲ್ಲಿರುವ ಹುಡುಗರೇ ಎತ್ತಿ ತುಂಬಿಕೊಡುತ್ತಾರೆ. ಮರ ಡಿಪೋಗೆ ಹೋಯಿತೆಂದು ಮೇಸ್ತ್ರಿ ತಿಳಿಯುತ್ತಾನೆ, ಗೋಡೆಗೆ ಹೋಯಿತೆಂದು ಡಿಪೋದವರು ತಿಳಿಯುತ್ತಾರೆ. ಇಬ್ಬರೂ ನಂಬುವವರೇ. ಇಬ್ಬರ ನಂಬಿಕೆಯ ನಡುವಿನ ಸಂದಿಯಲ್ಲಿ ಒಂದು ಟ್ರೇಲರ್ ಆರಾಮವಾಗಿ ಹಾದುಹೋಗುತ್ತದೆ.

ಎರಡು ಸುಳ್ಳು ಸಿದ್ಧವಾದವು. ಯಾಕಿಷ್ಟು ಕಂಬ ಎಂದು ನೋಯಲ್ ಕೇಳಿದರೆ, ದಿಬ್ಬದ ಮೇಲೆ ದಕ್ಷಿಣದ ಗಾಳಿ ಜೋರು, ಕಂಬ ಒತ್ತಾಗಿರಬೇಕು ಎನ್ನುವುದು. ಯಾಕಿಷ್ಟು ಉಳಿಯಿತು ಎಂದು ಮೇಸ್ತ್ರಿ ಕೇಳಿದರೆ, ಬೆರಿಲ್ ಮೊದಲು ಒಂದು ಬಿಸಿಲುಕೋಣೆ ಬೇಕೆಂದಿದ್ದಳು, ಆಮೇಲೆ ಬೇಡವೆಂದಳು ಎನ್ನುವುದು. ಎರಡೂ ಸುಳ್ಳು ಒಂದೇ ಕಡೆ ಸೇರುವ ಭಯವಿರಲಿಲ್ಲ. ನೋಯಲ್ ಬಿಯರ್ ಮುಟ್ಟದವನು, ಚಾವಣಿಯ ಕೂಟಕ್ಕೆ ಹೋದವನೇ ಅಲ್ಲ.

ಮೊದಲ ಸುಳ್ಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ನೋಯಲ್ ಚೀಟಿ ನೋಡಿದ. "ಸ್ವಲ್ಪ ಜಾಸ್ತಿ ಆಯ್ತಲ್ವಾ?"

"ದಿಬ್ಬದ ಮೇಲೆ. ಗಾಳಿ."

"ಹೌದಲ್ಲಾ! ನೀನಿರೋ ಹೊತ್ಗೆ ಸರಿಹೋಯ್ತು," ಎಂದು ನೋಯಲ್ ಸಹಿ ಹಾಕಿದ.

ಆಮೇಲಿನ ವಾರಗಳಲ್ಲಿ ಡೂಗಲ್ ದಿಬ್ಬದ ಕಡೆ ತಲೆಯಿಟ್ಟೂ ಮಲಗಲಿಲ್ಲ. ತಪ್ಪು ಮಾಡಿದ ಜಾಗದ ಸುತ್ತ ಸುಳಿದಾಡಿ ಸಿಕ್ಕಿಬೀಳುವುದು ದಡ್ಡರ ಕೆಲಸ. ಅವನು ಹಿತ್ತಲಲ್ಲಿ ಗುಡಿಸಲಿನ ನೆಲ ಹಾಸಿದ, ಮೂರು ಮೂಟೆ ಉಣ್ಣೆ ತಂದಿಟ್ಟ. ಐಲಾ ಮೂಟೆ ನೋಡಿ, "ಇದನ್ನ ಆ ಚೀಲದೊಳಗೇ ತುಂಬಿದ್ರೆ ಖರ್ಚು ಕಮ್ಮಿ ಆಗ್ತಿತ್ತು," ಎಂದಳು.

ಒಂದು ದಿನ ಬೇಕರಿಯ ಮುಂದೆ ಬೆರಿಲ್‌ಳ ಮನೆ ಕಟ್ಟುತ್ತಿದ್ದ ಮೇಸ್ತ್ರಿ ಟಿಪೆನೆ ಸಿಕ್ಕ. ಬಾಗಿಲಿಗೆ ಅಡ್ಡ ನಿಂತರೆ ಬಾಗಿಲೇ ಕಾಣದಂಥ ಆಳು, ಮನಸ್ಸು ಮಾತ್ರ ಮಗುವಿನದು. ಕೈಯಲ್ಲಿ ಮಟನ್ ಪೈ.

"ಮರ ಎಲ್ಲಾ ಬಂತು ಗುರುವೇ. ಕೆಲಸ ಜೋರಾಗಿ ನಡೀತಿದೆ."

"ಎಲ್ಲಾ... ಸರಿಯಾಗಿದೆ ತಾನೆ?"

"ನೀನು ಕಳಿಸಿದ್ದಲ್ವಾ? ಸರಿಯಾಗಿರ್ದೆ ಏನಾಗತ್ತೆ?" ಎಂದು ಟಿಪೆನೆ ಪೈ ಕಚ್ಚಿದ.

ಬಿಸಿಲುಕೋಣೆಯ ಸುಳ್ಳು ನಾಲಿಗೆಯ ತುದಿಗೆ ಬಂದು ಹಾಗೇ ಹಿಂದೆ ಹೋಯಿತು. ಅಷ್ಟು ಚೆಂದದ ಸುಳ್ಳನ್ನು ಯಾರೂ ಕೇಳುತ್ತಿಲ್ಲವಲ್ಲ ಎಂದು ಡೂಗಲ್‌ಗೆ ತುಸು ಬೇಸರವೇ ಆಯಿತು.

ಆ ಶನಿವಾರ ಬಂತು. ಡೂಗಲ್ ಟ್ರೇಲರ್ ತೊಳೆದು, ಹಗ್ಗ ಸುತ್ತಿಟ್ಟು, ಉದ್ದದ ಮರಕ್ಕೆ ಕಟ್ಟುವ ಕೆಂಪು ಬಟ್ಟೆಯನ್ನೂ ಇಟ್ಟುಕೊಂಡು ಹೊರಟ. ಕಾನೂನಿನ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು. ದಿಬ್ಬದ ಮೇಲೆ ಚಾವಣಿ ಹೊಳೆಯುತ್ತಿತ್ತು, ಗೋಡೆಗಳಿಗೆಲ್ಲ ಹೊರಗಿನಿಂದ ಕಪ್ಪು ಕಾಗದ ಸುತ್ತಿದ್ದರು. ಅಂಗಳದಲ್ಲಿ ಅರ್ಧ ಊರೇ ನೆರೆದಿತ್ತು. ಬೆರಿಲ್ ತಟ್ಟೆಗಟ್ಟಲೆ ಚೀಸ್ ರೋಲ್ ಸುಟ್ಟು ತಂದಿದ್ದಳು, ಬೆಣ್ಣೆಯ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಆ ವಾಸನೆಗೆ ಬಿಯರ್ ಮುಟ್ಟದ ನೋಯಲ್ ಕೂಡ ಚಹಾದ ಲೋಟ ಹಿಡಿದು ಬಂದು ನಿಂತಿದ್ದ. ಬ್ಯಾಂಡಿನಲ್ಲಿ ಡೋಲು ಬಾರಿಸುವ ಕಾನ್‌ಸ್ಟೇಬಲ್ ಟಲಕ್ ಎರಡು ಕೈಯಲ್ಲೂ ರೋಲ್ ಹಿಡಿದಿದ್ದ.

ಡೂಗಲ್ ಎಲ್ಲರಿಗೂ ನಗುತ್ತ ಮನೆಯ ಹಿಂಭಾಗಕ್ಕೆ ನಡೆದ. ಅಲ್ಲಿ ಹುಲ್ಲಿತ್ತು. ಪಕ್ಕಕ್ಕೆ ಹೋದ, ಅಲ್ಲಿ ಮರಳಿತ್ತು. ಟಾರ್ಪಾಲಿನ ಕೆಳಗೆ ನೋಡಿದ, ಸಿಮೆಂಟು. ಮನೆಯನ್ನು ಮೂರು ಸುತ್ತು ಬಂದ. ಒಂದೇ ಒಂದು ಕಂಬವಿರಲಿಲ್ಲ.

ಯಾರೋ ಕದ್ದಿದ್ದಾರೆ! ಅವನ ತಲೆಗೆ ಬೇರೆ ಏನೂ ಹೊಳೆಯಲಿಲ್ಲ. ಎಷ್ಟು ವಾರಗಳ ಬುದ್ಧಿ, ಎಷ್ಟು ಎಚ್ಚರ, ಎಲ್ಲವನ್ನೂ ಯಾವನೋ ಬೆವರು ಹರಿಸದವನು ಬಂದು ಎತ್ತಿಕೊಂಡು ಹೋಗಿದ್ದಾನೆ. ಈ ಊರಲ್ಲಿ ಪ್ರಾಮಾಣಿಕತೆ ಅನ್ನುವುದು ಸತ್ತೇಹೋಯಿತೆ? ಸಿಟ್ಟಿಗೆ ಕಿವಿ ಕೆಂಪಾದವು.

"ಕಳ್ಳತನ!" ಎಂದು ಡೂಗಲ್ ಅಂಗಳದ ನಡುವೆ ನಿಂತು ಕೂಗಿದ. "ಟಲಕ್, ರೋಲ್ ಕೆಳಗಿಡು! ಇಲ್ಲಿ ಕಳ್ಳತನ ಆಗಿದೆ! ಅರವತ್ತನಾಲ್ಕು ಕಂಬ!"

"ನನ್ನ ಕಂಬಾನಾ?" ಎಂದು ಬೆರಿಲ್ ಎದ್ದೇಬಿಟ್ಟಳು. "ಯಾವನವ್ನು? ಅವನ ಕೈ ಸೇದಿಹೋಗ!"

"ಹಾಗೇ ಆಗ್ಲಿ ಅಮ್ಮಾ," ಎಂದ ಡೂಗಲ್ ಮನಸಾರೆ.

ಟಲಕ್ ಬಾಯಲ್ಲಿದ್ದುದನ್ನು ನುಂಗಿದ. "ಅರವತ್ತನಾಲ್ಕು ಅಂದ್ರೆ? ಸುಮಾರಾಗಿ ಹೇಳ್ತಿದ್ದೀಯಾ?"

ಸುಮಾರು! ಹತ್ತೊಂಬತ್ತು ವರ್ಷಗಳಲ್ಲಿ ಆ ಮಾತನ್ನು ಅವನ ಎದುರು ಯಾರೂ ಆಡಿರಲಿಲ್ಲ. "ಸುಮಾರಲ್ಲ ಕಣಯ್ಯಾ, ಎಣಿಸಿದ್ದು! ಹೊರಗೋಡೇದು ಐವತ್ತು, ಮೂಲೆ ಕಿಟಕೀದು ಹದಿನಾಲ್ಕು. ಅಷ್ಟೂ ಉಳೀಬೇಕಿತ್ತು, ಇಲ್ಲೇ ಇರ್ಬೇಕಿತ್ತು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇವನು ಯಾರೂ ಕೂಗದೆಯೇ ತಾನೇ ಕೂಗಿ ತಾನೇ ಮುಟ್ಟಿಕೊಂಡಿದ್ದ. ನೋಯಲ್ ಚಹಾದ ಲೋಟವನ್ನು ನಿಧಾನವಾಗಿ ಕೆಳಗಿಟ್ಟ.

"ಉಳಿಯೋದು ಇಷ್ಟು ಅಂತ ಮೊದಲೇ ಎಣಿಸಿದ್ಯಾ ಡೂಗಲ್? ನಂಗೆ ಗಾಳಿ ಅಂದಿದ್ದೆ."

ಬಿಸಿಲುಕೋಣೆ ನೆನಪಾಯಿತು. ಆದರೆ ಬಿಸಿಲುಕೋಣೆಯನ್ನು ಕನಸಲ್ಲೂ ಕೇಳದ ಬೆರಿಲ್ ಎದುರಿಗೇ ನಿಂತಿದ್ದಳು. ತಪ್ಪಿಸಿಕೊಳ್ಳಲು ಇನ್ನು ಒಂದೇ ಒಂದು ದಾರಿ ಉಳಿದಿತ್ತು. ಅದನ್ನು ಹಿಡಿದರೆ ಸೆರೆಮನೆ ತಪ್ಪುತ್ತದೆ, ಕೆಲಸ ಉಳಿಯುತ್ತದೆ, ಹೋಗುವುದು ಹೆಸರೊಂದೇ. ಆ ಹೆಸರನ್ನು ಬಿಟ್ಟರೆ ತನ್ನ ಬಳಿ ಬೇರೇನಿದೆ ಎಂದು ಡೂಗಲ್‌ಗೆ ಗೊತ್ತಿರಲಿಲ್ಲ. ಹೆಂಡತಿ ಸತ್ತಳೆಂದು ಹೇಳುವವನ ದನಿಯಲ್ಲಿ ಅವನು ಹೇಳಿದ: "ನನ್ನ ಲೆಕ್ಕ... ಎಲ್ಲೋ ತಪ್ಪಿರ್ಬೇಕು. ಕಂಬ ಅಷ್ಟು ಬಂದೇ ಇರ್ಲಿಕ್ಕಿಲ್ಲ."

ನೋಯಲ್‌ನ ಹುಬ್ಬು ಸಡಿಲವಾಯಿತು, ಟಲಕ್ ಮತ್ತೆ ರೋಲಿನತ್ತ ನೋಡಿದ. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಟಿಪೆನೆಗೆ ತಡೆಯಲಾಗಲಿಲ್ಲ. "ಛೆ ಛೆ, ಯಾವನೋ ನಿನ್ ಲೆಕ್ಕ ತಪ್ಪು ಅಂದೋನು? ತೋರಿಸು ಅವನ್ನ!" ಎಂದು ಗೆಳೆಯನ ಹೆಗಲ ಮೇಲೆ ಕೈಹಾಕಿ ಎಲ್ಲರನ್ನೂ ಮನೆಯೊಳಗೆ ಕರೆದೊಯ್ದ. ಒಳಗೆ ಗೋಡೆಗಳು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಂತಿದ್ದವು, ಕಿಟಕಿಯ ಅಕ್ಕಪಕ್ಕ ಜೋಡಿ ಜೋಡಿ, ಮೂಲೆಗಳಲ್ಲಿ ಕಟ್ಟು ಕಟ್ಟು. ನೋಯಲ್ ಕಂಬದಿಂದ ಕಂಬಕ್ಕೆ ಗೇಣು ಹಾಕಿ ನೋಡಿ, ಬಾಗಿಲ ಆಚೆ ನಿಂತಿದ್ದ ಖಾಲಿ ಟ್ರೇಲರನ್ನೂ ಅದರಲ್ಲಿದ್ದ ಹಗ್ಗವನ್ನೂ ಕೆಂಪು ಬಟ್ಟೆಯನ್ನೂ ನೋಡಿದ; ಅವನ ಜೊತೆ ಬೆರಿಲ್ ನೋಡಿದಳು, ಟಲಕ್ ಕೂಡ ನೋಡಿದ. ಟಿಪೆನೆ ಮಾತ್ರ ಗೋಡೆಯನ್ನು ಹೆಮ್ಮೆಯಿಂದ ತಟ್ಟುತ್ತಿದ್ದ. "ಎಲ್ಲಾ ಬಂತು, ಎಲ್ಲಾ ಇಲ್ಲೇ ಇದೆ, ಒಂದೂ ಹೋಗಿಲ್ಲ. ಪ್ಲಾನ್‌ನಲ್ಲಿ ಅಂತರ ಎಷ್ಟು ಬರ್ದಿದ್ದಾರೆ ಅಂತ ಈ ಊರಲ್ಲಿ ಯಾವ ಮೇಸ್ತ್ರಿ ನೋಡ್ತಾನೆ ಹೇಳು? ಪ್ರತಿ ಮನೇಲೂ ನೀನು ಕಳಿಸಿದ ಕಂಬ ಪೂರ್ತಿ ಮುಗಿಯೋ ಹಾಗೆ ಸಮಾ ಹಂಚಿ ಮೊಳೆ ಹೊಡೀತೀವಿ, ಅಷ್ಟೇ."